ಬಾಣಂತನದ ಹದ

(ಮಹಿಳಾ ಸಮಾಜವೊಂದರಲ್ಲಿ ಮಾಡಿದ ಭಾಷಣದ ಬರಹರೂಪ)



ನಮ್ಮ ಕಡೆ ‘ಬಾಣಂತಿ’ ಎಂದರೆ ಮಗು ಹೆತ್ತವಳು ಎಂದಷ್ಟೇ ಅರ್ಥವಲ್ಲ. ಅದೊಂದು ಪದವಿ. ಆ ಪದವಿ ಇರುವಷ್ಟು ದಿನ ಆಕೆ ಕಸ ಗುಡಿಸುವಂತಿಲ್ಲ, ನೀರು ಸೇದುವಂತಿಲ್ಲ, ಒಲೆಯ ಮುಂದೆ ಕೂರುವಂತಿಲ್ಲ. ಎಣ್ಣೆ ಹಚ್ಚಿ ಹಂಡೆಗಟ್ಟಲೆ ನೀರು ಹಾಕುವವರು ಒಬ್ಬರು, ಬೆಳ್ಳುಳ್ಳಿ ಹಾಕಿದ ಮೆಣಸಿನ ಸಾರು ಮಾಡಿ ಬಡಿಸುವವರು ಇನ್ನೊಬ್ಬರು, ರಾತ್ರಿ ಮಗು ಅತ್ತರೆ ತೊಟ್ಟಿಲು ತೂಗುವವರು ಮತ್ತೊಬ್ಬರು. ಧಾರವಾಡದ ಕಡೆಯಾದರೆ ಹೊರಸಿನ ಕೆಳಗೆ ಕೆಂಡ, ಬೆಳಿಗ್ಗೆ ಎದ್ದರೆ ಅಂಟಿನ ಉಂಡಿ. ಚೊಚ್ಚಲ ಹೆರಿಗೆಗೆ ತವರಿನಲ್ಲಿ ಮೂರು ತಿಂಗಳು, ಅನುಕೂಲವಿದ್ದವರಿಗೆ ಐದು ತಿಂಗಳು. ಇದು ನಮಗೆ ಮಾತ್ರ ಸೇರಿದ ಸಂಗತಿಯಲ್ಲ. ಚೀನಾದವರು ಒಂದು ತಿಂಗಳು ಎನ್ನುತ್ತಾರೆ, ಮೆಕ್ಸಿಕೋದವರು ನಲವತ್ತು ದಿನ ಎನ್ನುತ್ತಾರೆ, ನಮ್ಮ ಸುಶ್ರುತ ಸಂಹಿತೆ ಒಂದೂವರೆ ತಿಂಗಳು ಎನ್ನುತ್ತದೆ. ಲೆಕ್ಕ ಹೆಚ್ಚು ಕಡಿಮೆ ಒಂದೇ.

ಈ ಪದ್ಧತಿಯ ದೊಡ್ಡ ಗುಣವೆಂದರೆ, ವಿಶ್ರಾಂತಿ ಬೇಕೆಂದು ಹೆಣ್ಣು ಬಾಯಿಬಿಟ್ಟು ಕೇಳಬೇಕಾಗಿರಲಿಲ್ಲ. ಅದು ಶಾಸ್ತ್ರ, ಅತ್ತೆಯೂ ಮೀರುವಂತಿರಲಿಲ್ಲ. ಅನುಕೂಲವಿಲ್ಲದ ಮನೆಗಳಲ್ಲಿ, ಕೂಲಿಯ ಮನೆಗಳಲ್ಲಿ ಇದೆಲ್ಲ ಯಾವತ್ತೂ ಪೂರ್ತಿ ನಡೆದದ್ದಲ್ಲ ಎಂಬುದನ್ನೂ ಹೇಳಬೇಕು. ಆದರೆ ಇನ್ನೊಂದು ಮಾತಿದೆ. ಈ ಕಟ್ಟುಪಾಡುಗಳೆಲ್ಲ ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ, ಸಹಜವಾಗಿ ಹೆತ್ತವಳಿಗಾಗಿ. ಹೊಟ್ಟೆ ಕೊಯ್ಸಿಕೊಂಡ ಬಾಣಂತಿ ನಮ್ಮ ಅಜ್ಜಿಯರ ಕಣ್ಣ ಮುಂದೆ ಇರಲೇ ಇಲ್ಲ.

ಯಾಕೆ ಇರಲಿಲ್ಲ ಎಂದರೆ, ಹಾಗೆ ಕೊಯ್ಸಿಕೊಂಡವಳು ಬದುಕುತ್ತಲೇ ಇರಲಿಲ್ಲ. ಸಿಸೇರಿಯನ್ ಎಂಬ ಹೆಸರು ಬಂದದ್ದು ಜೂಲಿಯಸ್ ಸೀಸರ್ ಹೀಗೆ ಹುಟ್ಟಿದ್ದರಿಂದ ಎಂಬ ಕಥೆಯನ್ನು ನೀವೆಲ್ಲ ಕೇಳಿದ್ದೀರಿ. ಅದನ್ನು ನಂಬುವುದು ಕಷ್ಟ. ಸೀಸರನ ತಾಯಿ ಔರೇಲಿಯಾ ಅವನನ್ನು ಹೆತ್ತ ಮೇಲೆ ನಲವತ್ತಕ್ಕೂ ಹೆಚ್ಚು ವರ್ಷ ಬದುಕಿದ್ದಳು. ಆ ಕಾಲದ ರೋಮಿನಲ್ಲಿ ಹೊಟ್ಟೆ ಕೊಯ್ಯುತ್ತಿದ್ದುದು ಸತ್ತ ಅಥವಾ ಸಾಯುತ್ತಿರುವ ಬಸುರಿಯದು. ಯುರೋಪಿನಲ್ಲಿ ಹತ್ತೊಂಬತ್ತನೆಯ ಶತಮಾನದ ಬಹುಪಾಲು ಕಳೆಯುವವರೆಗೂ ವೈದ್ಯರು ಮಗುವನ್ನು ತೆಗೆದ ಮೇಲೆ ಗರ್ಭಕೋಶಕ್ಕೆ ಸಾಮಾನ್ಯವಾಗಿ ಹೊಲಿಗೆಯನ್ನೇ ಹಾಕುತ್ತಿರಲಿಲ್ಲ. ಅದು ತಾನಾಗಿ ಮುದುಡಿಕೊಳ್ಳುತ್ತದೆ ಎಂದು ಭಾವಿಸಿ ಹೊಟ್ಟೆಯನ್ನು ಮಾತ್ರ ಮುಚ್ಚುತ್ತಿದ್ದರು. ರಕ್ತ ಹರಿದೋ ನಂಜೇರಿಯೋ ತಾಯಿ ಹೋಗುತ್ತಿದ್ದಳು. 1876ರಲ್ಲಿ ಇಟಲಿಯ ಪವಿಯಾ ಊರಿನಲ್ಲಿ ಎಡ್ವಾರ್ಡೊ ಪೊರ್ರೊ ಎಂಬ ವೈದ್ಯ ಮಗುವನ್ನು ತೆಗೆದ ಕೂಡಲೇ ಗರ್ಭಕೋಶವನ್ನೂ ಕತ್ತರಿಸಿ ತೆಗೆದು ತಾಯಿಯನ್ನು ಉಳಿಸಿದ. ಉಳಿಸಿಕೊಳ್ಳಲು ತೆತ್ತ ಬೆಲೆ ಅದು. 1882ರಲ್ಲಿ ಜರ್ಮನಿಯ ಮ್ಯಾಕ್ಸ್ ಸ್ಯಾಂಗರ್ ಗರ್ಭಕೋಶದ ಗೋಡೆಯನ್ನೇ ಬೆಳ್ಳಿ ತಂತಿಯಿಂದಲೂ ರೇಷ್ಮೆ ದಾರದಿಂದಲೂ ಹೊಲಿಯುವ ಕ್ರಮವನ್ನು ವಿವರಿಸಿದ. ಸಿಸೇರಿಯನ್ ಆದ ತಾಯಿ ಮನೆಗೆ ಬಂದು ಚೇತರಿಸಿಕೊಳ್ಳುವುದು ಎಂಬ ಪ್ರಶ್ನೆ ನಿಜವಾಗಿ ಹುಟ್ಟಿದ್ದು ಆ ಮೇಲೆ.

ಆಗ ಆಸ್ಪತ್ರೆಗಳು ಕೊಟ್ಟ ಉತ್ತರವೂ ನಮ್ಮ ಅಜ್ಜಿಯರದೇ: ಮಲಗು. ಇಪ್ಪತ್ತನೆಯ ಶತಮಾನದ ಮೊದಲ ಭಾಗದಲ್ಲಿ ಇಂಗ್ಲೆಂಡ್, ಅಮೆರಿಕಗಳ ಆಸ್ಪತ್ರೆಗಳಲ್ಲಿ ಸಹಜ ಹೆರಿಗೆಯಾದವಳನ್ನೂ ಹತ್ತು ಹನ್ನೆರಡು ದಿನ ಹಾಸಿಗೆಯಿಂದ ಇಳಿಸುತ್ತಿರಲಿಲ್ಲ. ಇದು ಬದಲಾದದ್ದು 1940ರ ದಶಕದಲ್ಲಿ. ಎರಡನೆಯ ಮಹಾಯುದ್ಧದಿಂದಾಗಿ ಹಾಸಿಗೆಗಳಿಗೂ ದಾದಿಯರಿಗೂ ಬರ ಬಂದು ರೋಗಿಗಳನ್ನು ಬೇಗ ಎಬ್ಬಿಸಬೇಕಾಯಿತು; ಎಬ್ಬಿಸಿದವರು ಕೆಡುವ ಬದಲು ಬೇಗ ಸುಧಾರಿಸಿದರು. 1947ರಲ್ಲಿ ರಿಚರ್ಡ್ ಆಷರ್ ಎಂಬ ಲಂಡನ್ನಿನ ವೈದ್ಯ ಹಾಸಿಗೆ ಹಿಡಿಯುವುದರಿಂದ ಆಗುವ ಕೇಡುಗಳನ್ನು ಕುರಿತೇ ಒಂದು ಲೇಖನ ಬರೆದ. ಅಲುಗಾಡದೆ ಮಲಗಿದ್ದರೆ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಆ ಗಡ್ಡೆ ಕಳಚಿ ಶ್ವಾಸಕೋಶಕ್ಕೆ ಹೋದರೆ ಪ್ರಾಣಕ್ಕೇ ಸಂಚಕಾರ. ಬಸುರಿ ಬಾಣಂತಿಯರಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಮೊದಲೇ ಹೆಚ್ಚು. ಹೆರಿಗೆಯಲ್ಲಿ ರಕ್ತ ಪೋಲಾಗದಿರಲಿ ಎಂದು ಪ್ರಕೃತಿ ಮಾಡಿಕೊಂಡ ಏರ್ಪಾಡು ಅದು. ಶಸ್ತ್ರಚಿಕಿತ್ಸೆ ಅದಕ್ಕೆ ಇನ್ನಷ್ಟು ಸೇರಿಸುತ್ತದೆ.

ಈಗ ನಮ್ಮ ಆಸ್ಪತ್ರೆಯ ಕೋಣೆಯೊಂದನ್ನು ನೆನೆಯಿರಿ. ಆಪರೇಷನ್ ಆಗಿ ಒಂದು ದಿನ ತುಂಬುವ ಮೊದಲೇ ನರ್ಸ್ ಬಂದು “ಏಳಮ್ಮ, ಸ್ವಲ್ಪ ನಡಿ” ಎನ್ನುತ್ತಾಳೆ. ಮೂಲೆಯಲ್ಲಿ ಕೂತ ಅಜ್ಜಿ “ಹಸಿ ಮೈ, ಏಳಿಸಬ್ಯಾಡ್ರವ್ವ” ಎನ್ನುತ್ತಾಳೆ. ಅಜ್ಜಿ ಅಜ್ಞಾನಿ, ನರ್ಸ್ ಜ್ಞಾನಿ ಎಂದು ತೀರ್ಪು ಕೊಡುವುದು ಸುಲಭ. ಆದರೆ ಇಬ್ಬರೂ ಹೇಳುತ್ತಿರುವುದು ಬೇರೆ ಬೇರೆ ಕಾಲದ ಸತ್ಯ. ಮೊದಲ ವಾರದ ಮಟ್ಟಿಗೆ ನರ್ಸ್ ಹೇಳುವುದು ಸರಿ. ಆಮೇಲಿನ ಐದಾರು ವಾರಗಳಲ್ಲಿ ಅಜ್ಜಿಯ ಮಾತಿಗೆ ತೂಕ ಹೆಚ್ಚು. ನಮ್ಮ ಮನೆಗಳಲ್ಲಿ ಆಗುವುದು ಇದರ ತಿರುವುಮುರುವು: ಮೊದಲ ವಾರ ಮಲಗಿಸುತ್ತೇವೆ, ಹೊಲಿಗೆ ಬಿಚ್ಚಿದ ಮೇಲೆ ಕೆಲಸಕ್ಕೆ ಬಿಡುತ್ತೇವೆ.

ಮೋಸ ಮಾಡುವುದು ಚರ್ಮ. ಹತ್ತು ದಿನಕ್ಕೆ ಹೊರಗಿನ ಗಾಯ ಕೂಡಿರುತ್ತದೆ, ಹೊಲಿಗೆ ಹೋಗಿರುತ್ತದೆ, ನೋಡಿದವರು “ವಾಸಿಯಾಯ್ತಲ್ಲ” ಎನ್ನುತ್ತಾರೆ. ಚರ್ಮದ ಕೆಳಗೆ ಕೊಬ್ಬು, ಅದರ ಕೆಳಗೆ ಹೊಟ್ಟೆಯನ್ನು ಹಿಡಿದಿಟ್ಟಿರುವ ಗಟ್ಟಿ ಪೊರೆ, ಮಾಂಸಖಂಡ, ಇನ್ನೊಂದು ತೆಳು ಪೊರೆ, ಕೊನೆಗೆ ಗರ್ಭಕೋಶದ ಗೋಡೆ. ಮಾಂಸಖಂಡವನ್ನು ಸಾಮಾನ್ಯವಾಗಿ ಕೊಯ್ಯದೆ ಬದಿಗೆ ಸರಿಸುತ್ತಾರೆ; ಉಳಿದವೆಲ್ಲ ಕೊಯ್ದು ಕೂಡಿಸಿದವು. ಭಾರ ಹೊರುವುದು ಆ ಗಟ್ಟಿ ಪೊರೆ. ಆರು ವಾರ ಕಳೆದರೂ ಅದಕ್ಕೆ ಮೊದಲಿನ ಬಲದಲ್ಲಿ ಅರ್ಧದಷ್ಟೋ ತುಸು ಹೆಚ್ಚೋ ಬಂದಿರುತ್ತದೆ, ಅಷ್ಟೆ. ಪೂರ್ತಿ ಬಲಕ್ಕೆ ತಿಂಗಳುಗಳು ಬೇಕು.

ಹಾಗಾದರೆ ಹದ ಯಾವುದು? ಏಳುವಾಗ ನೆಟ್ಟಗೆ ಎದ್ದು ಕೂರದೆ ಪಕ್ಕಕ್ಕೆ ಹೊರಳಿ, ಕಾಲು ಇಳಿಬಿಟ್ಟು, ಕೈಯೂರಿ ಏಳಬೇಕು. ಕೆಮ್ಮು ಬಂದರೆ, ನಗು ಬಂದರೂ ಸರಿಯೆ, ಗಾಯದ ಮೇಲೆ ದಿಂಬು ಒತ್ತಿಕೊಳ್ಳಬೇಕು. ಮೊದಲು ಹಾಸಿಗೆಯಿಂದ ಬಾಗಿಲವರೆಗೆ, ನಾಳೆ ಪಡಸಾಲೆಯವರೆಗೆ, ಆಮೇಲೆ ಅಂಗಳ. ಆರು ವಾರ ಮಗುವಿಗಿಂತ ಭಾರವಾದದ್ದನ್ನು ಎತ್ತಬಾರದು. ಕೊಡ, ಅಕ್ಕಿ ಚೀಲ, ಒದ್ದೆ ಬಟ್ಟೆಯ ಬಕೆಟ್ಟು, ಮೂರು ವರ್ಷದ ಹಿರಿಮಗು ಎಲ್ಲವೂ ಆ ಲೆಕ್ಕದಲ್ಲಿ ಭಾರವೇ. ಅತಿಯಾಯಿತೆಂದು ಮೈ ತಾನೇ ಹೇಳುತ್ತದೆ. ತಿಳಿಯಾಗುತ್ತ ಬಂದ ಸ್ರಾವ ಮತ್ತೆ ಕೆಂಪಾಗಿ ಹೆಚ್ಚಿದರೆ ನಿನ್ನೆ ಮಾಡಿದ ಕೆಲಸ ಹೆಚ್ಚಾಯಿತೆಂದು ತಿಳಿದು ಕೂರಬೇಕು. ಕೂತರೂ ನಿಲ್ಲದಿದ್ದರೆ, ಜ್ವರ ಬಂದರೆ, ಗಾಯ ಕೀವಾದರೆ, ಒಂದೇ ಕಾಲಿನ ಮೀನಖಂಡ ಊದಿ ನೋವಾದರೆ, ಉಸಿರು ಕಟ್ಟಿದರೆ ಕಷಾಯ ಕುದಿಸುತ್ತ ಕೂರದೆ ಆಸ್ಪತ್ರೆಗೆ ಓಡಬೇಕು.

ಹಳೆಯ ಪದ್ಧತಿಯಲ್ಲಿ ಬಿಡಬೇಕಾದವು ಒಂದೆರಡಿವೆ. ಬಾಣಂತಿಗೆ ನೀರು ಕೊಟ್ಟರೆ ಹೊಟ್ಟೆ ಬರುತ್ತದೆ ಎಂದು ಬಾಯಾರಿಸಿ ಮಲಗಿಸುವುದು ಅದರಲ್ಲಿ ಮೊದಲನೆಯದು. ಮಲಬದ್ಧತೆಗೂ ರಕ್ತ ಹೆಪ್ಪುಗಟ್ಟುವುದಕ್ಕೂ ಅದು ದಾರಿ. ಸುಡುವ ನೀರನ್ನು ಗಾಯದ ಮೇಲೆ ರಭಸದಿಂದ ಎರಚುವುದು ಬೇಡ. ಮುಚ್ಚಿದ ಕೋಣೆಯ ಕೆಂಡದ ಹೊಗೆ ಎಳೆ ಮಗುವಿನ ಪುಪ್ಪುಸಕ್ಕೆ ಕೇಡು. ಹೊಟ್ಟೆಗೆ ಬಟ್ಟೆ ಕಟ್ಟುವುದನ್ನು ಮಾತ್ರ ಹಗುರಾಗಿ ಕಾಣಬೇಕಿಲ್ಲ. ಗಾಯವನ್ನು ಒತ್ತದಂತೆ ಹದವಾಗಿ ಕಟ್ಟಿದರೆ ನಡೆಯುವಾಗ ಎಷ್ಟೋ ಜನರಿಗೆ ನೋವು ಕಡಿಮೆಯಾಗುತ್ತದೆ. ಕಟ್ಟುವ ಮೊದಲು ವೈದ್ಯರನ್ನು ಕೇಳಿದರಾಯಿತು. 2007ರಲ್ಲಿ ನಮ್ಮ ಸರ್ಕಾರ ತಂದ ಮಡಿಲು ಯೋಜನೆಯ ಚೀಲದಲ್ಲೂ ಅಂಥ ಬಟ್ಟೆಯೊಂದನ್ನು ಇಟ್ಟಿದ್ದರು.

ಇಷ್ಟೆಲ್ಲ ಹೇಳುವುದು ಸುಲಭ. ಕಷ್ಟವಿರುವುದು ಇನ್ನೊಂದು ಕಡೆ. ಮಗು ನೋಡಲು ಬಂದವರ ಮೊದಲ ಪ್ರಶ್ನೆ ಏನು? “ನಾರ್ಮಲ್ಲಾ, ಸಿಸೇರಿಯನ್ನಾ?” ಸಿಸೇರಿಯನ್ ಎಂದರೆ, “ಪರವಾಗಿಲ್ಲ ಬಿಡು, ನೋವು ತಿನ್ನಲಿಲ್ಲ” ಎಂಬ ಸಮಾಧಾನ. ಅದು ಸಮಾಧಾನವೋ ಕೊಂಕೋ ಹೇಳುವುದು ಕಷ್ಟ. ನೋವು ತಿನ್ನದವಳಿಗೆ ಬಾಣಂತನದ ಹಕ್ಕೂ ಕಡಿಮೆ ಎಂಬ ಭಾವನೆ ಎಷ್ಟೋ ಮನೆಗಳಲ್ಲಿ ಹೊಕ್ಕಿದೆ. ಹೆರಿಗೆಯ ಜೊತೆಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯನ್ನೂ ಉಂಡವಳು ಆಕೆ. ಅಪೆಂಡಿಕ್ಸ್ ತೆಗೆಸಿಕೊಂಡ ಗಂಡಸಿಗೆ ರಾತ್ರಿ ಎರಡು ತಾಸಿಗೊಮ್ಮೆ ಎದ್ದು ಮಗುವಿಗೆ ಹಾಲೂಡು ಎಂದು ಯಾರೂ ಹೇಳುವುದಿಲ್ಲ.

ಇದು ನಾಲ್ಕಾರು ಮನೆಗಳ ಮಾತಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಸಿಸೇರಿಯನ್ ಹೆರಿಗೆಗಳು 2015–16ರಲ್ಲಿ ಶೇಕಡಾ 23.6 ಇದ್ದವು, 2019–21ರ ವೇಳೆಗೆ ಶೇಕಡಾ 31.5 ಆದವು. ಅವುಗಳಲ್ಲಿ ಎಷ್ಟು ಅಗತ್ಯ, ಎಷ್ಟು ಅನಗತ್ಯ ಎಂಬುದು ಬೇರೆಯೇ ಭಾಷಣದ ವಿಷಯ. ಮೂರು ಹೆರಿಗೆಗೆ ಒಂದು ಎಂಬಷ್ಟಾದ ಮೇಲೂ ನಮ್ಮ ಬಾಣಂತನ ಮಾತ್ರ ಇದಕ್ಕೆ ಹೊಂದಿಕೊಂಡಿಲ್ಲ. ಕಾನೂನು? 1961ರ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಿದ್ದುಪಡಿಯಾಗಿ ಮೊದಲ ಎರಡು ಮಕ್ಕಳಿಗೆ ಸಂಬಳ ಸಹಿತ ರಜೆ 26 ವಾರಕ್ಕೆ ಏರಿತು. ಒಳ್ಳೆಯದೇ. ಆದರೆ ಅದು ನೌಕರಿಯ ಹಾಜರಿ ಪುಸ್ತಕದಲ್ಲಿ ಹೆಸರಿದ್ದವರಿಗೆ. ಕಳೆ ಕೀಳುವವಳಿಗೆ, ನಾಲ್ಕು ಮನೆಯ ಪಾತ್ರೆ ತೊಳೆಯುವವಳಿಗೆ ತವರಿನ ಬಾಣಂತನವೇ ರಜೆ. ತವರಿಗೆ ಶಕ್ತಿಯಿಲ್ಲದಿದ್ದರೆ ಅದೂ ಇಲ್ಲ.

ಭಾಷಣಕ್ಕೆ ಮೊದಲೇ ಒಬ್ಬ ತಾಯಿ ಚೀಟಿ ಕೊಟ್ಟಿದ್ದರು. ಮಗಳಿಗೆ ಸಿಸೇರಿಯನ್ ಆಗಿ ಇಪ್ಪತ್ತೆರಡು ದಿನ, ಮನೆ ಎರಡನೆಯ ಮಹಡಿ, ಲಿಫ್ಟ್ ಇಲ್ಲ, ನಲ್ಲಿ ನೀರು ಕೆಳಗೆ ಬರುತ್ತದೆ, ಅಳಿಯ ಎಂಟಕ್ಕೆಲ್ಲ ಕೆಲಸಕ್ಕೆ ಹೋಗುತ್ತಾನೆ. ಮಗಳು ನಡುವೆ ಒಂದೊಂದೇ ಬಿಂದಿಗೆ ತಂದರೆ ತಪ್ಪೇ ಎಂದು ಕೇಳಿದ್ದಾರೆ. ಮೆಟ್ಟಿಲನ್ನು ದಿನಕ್ಕೊಮ್ಮೆ, ನಿಧಾನವಾಗಿ, ಬರಿಗೈಯಲ್ಲಿ ಇಳಿದು ಹತ್ತಬಹುದು. ಬಿಂದಿಗೆ ಬೇಡ, ಅರ್ಧ ಬಿಂದಿಗೆಯೂ ಬೇಡ. ಇನ್ನು ಮೂರು ವಾರ ಅಳಿಯ ಎಂಟಕ್ಕೆ ಹೊರಡುವ ಮೊದಲು, ಆರೂವರೆಗೆ ಎದ್ದು, ನೀರು ತುಂಬಿಸಿಟ್ಟು ಹೋಗಲಿ.