ಬೂಟಿನ ಚರ್ಮಕ್ಕೇಕೆ ಆರೈಕೆ?

ಮಕ್ಕಳೇ, ನಿಮ್ಮ ಮುಂಗೈಯನ್ನು ಒಮ್ಮೆ ಸವರಿ ನೋಡಿ. ಮೆತ್ತಗಿದೆ ಅಲ್ಲವೇ? ಬೆರಳು ಮಡಿಸಿದಾಗ ಗೆಣ್ಣಿನ ಮೇಲಿನ ಚರ್ಮ ಹಿಗ್ಗುತ್ತದೆ, ಬಿಡಿಸಿದಾಗ ಮೊದಲಿನಂತಾಗುತ್ತದೆ. ದಿನವಿಡೀ ಹೀಗೆ ಮಾಡಿದರೂ ಬಿರುಕು ಬಿಡುವುದಿಲ್ಲ. ಏಕೆಂದರೆ ಮೈಯ ಚರ್ಮದಲ್ಲಿ ಪುಟ್ಟ ಪುಟ್ಟ ಗ್ರಂಥಿಗಳಿವೆ. ಅವು ಜಿಡ್ಡನ್ನು ಒಸರಿಸುತ್ತಲೇ ಇರುತ್ತವೆ. ಒಳಗಿನಿಂದ ತೇವ ಬರುತ್ತದೆ. ಗಾಯವಾದರೆ ಹೊಸ ಚರ್ಮ ಬೆಳೆಯುತ್ತದೆ.

ಈಗ ಅಪ್ಪ ಆಫೀಸಿಗೋ ಮದುವೆಗೋ ಹಾಕಿಕೊಂಡು ಹೋಗುವ ಬೂಟನ್ನು ನೋಡಿ. ಅದೂ ಒಂದು ಕಾಲಕ್ಕೆ ದನದ್ದೋ ಎಮ್ಮೆಯದೋ ಮೈಮೇಲಿದ್ದ ಚರ್ಮವೇ. ಈಗ ಅದಕ್ಕೆ ಜಿಡ್ಡು ಕೊಡುವ ಗ್ರಂಥಿ ಇಲ್ಲ, ಗಾಯ ಮಾಯುವುದೂ ಇಲ್ಲ. ದೇಹ ಮಾಡುತ್ತಿದ್ದ ಕೆಲಸವನ್ನು ಇನ್ನು ನಾವು ಮಾಡಬೇಕು. ಬೂಟು ಬಹುಕಾಲ ಬಾಳುವ ಗುಟ್ಟು ಇದೇ.

ಚರ್ಮ ಹದವಾಗುವುದು ಹೀಗೆ

ಹಸಿ ಚರ್ಮವನ್ನು ಹಾಗೇ ಬಿಟ್ಟರೆ ಬ್ಯಾಕ್ಟೀರಿಯಾಗಳು ಅದನ್ನು ಕೊಳೆಸುತ್ತವೆ. ಬರೀ ಒಣಗಿಸಿದರೆ ಬಿರುಸಾಗಿಬಿಡುತ್ತದೆ. ಅದಕ್ಕೇ ಚರ್ಮವನ್ನು ಹದ ಮಾಡುತ್ತಾರೆ.

ಚರ್ಮದ ಮುಖ್ಯ ಪ್ರೋಟೀನಿನ ಹೆಸರು ಕೊಲಾಜೆನ್. ಅದರ ಒಂದೊಂದು ಅಣುವೂ ಮೂರೆಳೆ ಹೊಸೆದ ಹುರಿಯಂತೆ ಸುತ್ತಿಕೊಂಡಿರುತ್ತದೆ. ಇಂಥ ಅಣುಗಳು ಸೇರಿ ನಾರು, ನಾರುಗಳು ಹೆಣೆದುಕೊಂಡು ಚರ್ಮ. ತಂಗಡಿ ತೊಗಟೆ, ಅಳಲೆಕಾಯಿಗಳಲ್ಲಿ ಟ್ಯಾನಿನ್ ಎಂಬ ಒಗರು ಇದೆ. ಅದು ನಾರುಗಳ ನಡುವೆ ಹೊಕ್ಕು ಅವನ್ನು ಒಂದಕ್ಕೊಂದು ಬೆಸೆಯುತ್ತದೆ. ಆಮೇಲೆ ಬ್ಯಾಕ್ಟೀರಿಯಾಗಳ ಆಟ ಅಷ್ಟು ಸುಲಭವಾಗಿ ನಡೆಯುವುದಿಲ್ಲ. ಬೆಳಗಾವಿ ಜಿಲ್ಲೆಯ ಅಥಣಿ, ನಿಪ್ಪಾಣಿ ಕಡೆ ತಯಾರಾಗುವ ಕೊಲ್ಹಾಪುರಿ ಚಪ್ಪಲಿಗೆ ಬಳಸುವುದು ಹೀಗೆ ಗಿಡಮರಗಳ ಒಗರಿನಿಂದ ಹದವಾದ ಚರ್ಮವನ್ನು. ಕರ್ನಾಟಕದ ನಾಲ್ಕು ಮತ್ತು ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಈ ಚಪ್ಪಲಿಗೆ 2019ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಸಿಕ್ಕಿತು. ಆಫೀಸಿನ ಬೂಟುಗಳ ಮೇಲ್ಭಾಗಕ್ಕೆ ಹೆಚ್ಚಾಗಿ ಕ್ರೋಮಿಯಂ ಲವಣಗಳಿಂದ ಹದ ಮಾಡಿದ ಚರ್ಮವನ್ನು ಬಳಸುತ್ತಾರೆ.

ಹದ ಮಾಡಿದ ಮೇಲೆ ಚರ್ಮಕ್ಕೆ ಎಣ್ಣೆ ಕುಡಿಸುತ್ತಾರೆ. ಆಗ ನಾರುಗಳು ಒಂದರ ಮೇಲೊಂದು ಸಲೀಸಾಗಿ ಜಾರುತ್ತವೆ. ನಾವು ಹೆಜ್ಜೆ ಇಟ್ಟಾಗಲೆಲ್ಲ ಬೂಟು ಬಾಗಿ ನೇರವಾಗುವುದು ಇದರಿಂದಲೇ. ಎಣ್ಣೆ ಆರಿಹೋದರೆ ನಾರುಗಳು ಒಂದನ್ನೊಂದು ತಿಕ್ಕಿ ತುಂಡಾಗುತ್ತವೆ. ಬೂಟು ಮಡಿಯುವ ಜಾಗದಲ್ಲೇ ಮೊದಲು ಬಿರುಕು ಕಾಣಿಸುವುದು ಏಕೆಂದು ಈಗ ಗೊತ್ತಾಯಿತಲ್ಲ!

ಬೆವರು, ಮಳೆ, ಬೂಷ್ಟು

ನಮ್ಮ ಎರಡೂ ಪಾದಗಳಲ್ಲಿ ಸೇರಿ ಸುಮಾರು 2.5 ಲಕ್ಷ ಬೆವರಿನ ಗ್ರಂಥಿಗಳಿವೆ. ಅವುಗಳ ತೇವವನ್ನು ಬೂಟಿನ ಒಳಚರ್ಮ ಹೀರಿಕೊಳ್ಳುತ್ತದೆ. ಆ ತೇವದಲ್ಲಿ ಬ್ಯಾಕ್ಟೀರಿಯಾಗಳು ಬೆಳೆದು ಬೆವರಿನಲ್ಲಿರುವ ವಸ್ತುಗಳನ್ನು ಒಡೆದಾಗ ವಾಸನೆ ಹುಟ್ಟುತ್ತದೆ. ಒಂದೇ ರಾತ್ರಿಯಲ್ಲಿ ಆ ತೇವವೆಲ್ಲ ಆರುವುದು ಕಷ್ಟ. ಹಾಗಾಗಿ ಒಂದು ದಿನ ಹಾಕಿದ ಬೂಟಿಗೆ ಮರುದಿನ ರಜೆ ಕೊಟ್ಟರೆ ಒಳ್ಳೆಯದು.

ಮಳೆಯಲ್ಲಿ ನೆನೆದ ಬೂಟನ್ನು ಒಲೆಯ ಪಕ್ಕಕ್ಕಾಗಲಿ, ಸುಡುಬಿಸಿಲಿಗಾಗಲಿ ಇಡಬೇಡಿ. ಒದ್ದೆ ಚರ್ಮಕ್ಕೆ ಹೆಚ್ಚು ಬಿಸಿ ತಾಗಿದರೆ ಕೊಲಾಜೆನ್ನಿನ ಹುರಿ ಬಿಚ್ಚಿಕೊಂಡು ಚರ್ಮ ಮುದುಡುತ್ತದೆ. ಹದ ಮಾಡದ ಹಸಿ ಚರ್ಮವಂತೂ 60ರಿಂದ 65 ಡಿಗ್ರಿ ಸೆಲ್ಸಿಯಸ್‌ಗೇ ಮುದುಡತೊಡಗುತ್ತದೆ. ಅದರ ಬದಲು ಹಳೆಯ ಪತ್ರಿಕೆಯನ್ನು ಮುದ್ದೆ ಮಾಡಿ ಬೂಟಿನೊಳಗೆ ತುಂಬಿ. ಕಾಗದದಲ್ಲಿ ಸೆಲ್ಯುಲೋಸ್ ನಾರುಗಳಿರುತ್ತವೆ, ಅವುಗಳ ಸಣ್ಣ ಸಂದುಗಳು ನೀರನ್ನು ಎಳೆದುಕೊಳ್ಳುತ್ತವೆ. ಕಾಗದ ಒದ್ದೆಯಾದಾಗ ಬದಲಿಸುತ್ತಾ ಗಾಳಿಯಾಡುವ ನೆರಳಿನಲ್ಲಿ ಆರಲು ಬಿಡಿ.

ಆರಿದ ಮೇಲೆ ಕೆಲವೊಮ್ಮೆ ಬಿಳಿ ಗೆರೆಗಳು ಕಾಣುತ್ತವೆ. ನೀರಿನಲ್ಲಿ ಕರಗಿದ್ದ ಉಪ್ಪು ಅದು. ನೀರು ಆವಿಯಾಗಿ ಹೋಯಿತು, ಉಪ್ಪು ಉಳಿಯಿತು. ಹಿಂಡಿದ ಒದ್ದೆ ಬಟ್ಟೆಯಿಂದ ಒರೆಸಿದರೆ ಹೋಗುತ್ತದೆ.

ಮಲೆನಾಡು, ಕರಾವಳಿಯ ಮಕ್ಕಳಿಗೆ ಬೂಷ್ಟಿನ ಪರಿಚಯ ಚೆನ್ನಾಗಿಯೇ ಇರುತ್ತದೆ. ಅದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಎಲ್ಲೆಲ್ಲೂ ಇವೆ, ತೇವ ಸಿಕ್ಕಿದಲ್ಲಿ ಚಿಗುರುತ್ತವೆ. ಆದ್ದರಿಂದ ಮಳೆಗಾಲದಲ್ಲಿ ಚರ್ಮದ ಬೂಟನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಬಾರದು, ಗಾಳಿಯಾಡುವ ಬಟ್ಟೆಯ ಚೀಲ ಸಾಕು. ಬೂಷ್ಟು ಬಂದಿದ್ದರೆ ಮನೆಯ ಹೊರಗೆ ಒಯ್ದು ಒರೆಸಬೇಕು. ಇಲ್ಲವಾದರೆ ಬೀಜಕಣಗಳು ಮನೆಯ ತುಂಬ ಹರಡುತ್ತವೆ.

ಪಾಲಿಶ್ ಮಾಡುವ ಕೆಲಸ

ಪಾಲಿಶ್ ಹಚ್ಚುವ ಮೊದಲು ಬ್ರಷ್‌ನಿಂದ ಧೂಳು ತೆಗೆಯಲೇಬೇಕು. ಧೂಳಿನಲ್ಲಿರುವ ಮರಳಿನ ಕಣಗಳು ಚರ್ಮದ ಮೇಲೆ ಗೀರು ಎಳೆಯುತ್ತವೆ.

ಪಾಲಿಶ್ ಡಬ್ಬಿಯಲ್ಲಿ ಇರುವುದು ಮುಖ್ಯವಾಗಿ ಮೇಣ, ಅದನ್ನು ಮೆತ್ತಗಾಗಿಸುವ ದ್ರಾವಕ ಮತ್ತು ಬಣ್ಣ. ಅನೇಕ ಪಾಲಿಶ್‌ಗಳಲ್ಲಿ ಬ್ರೆಜಿಲ್ ದೇಶದ ಒಂದು ತಾಳೆಮರದ ಎಲೆಯಿಂದ ಬರುವ ಕಾರ್ನೌಬಾ ಮೇಣ ಇರುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗಿದರೆ, ಇದು ಕರಗಲು 80 ಡಿಗ್ರಿ ದಾಟಬೇಕು. ಅಷ್ಟು ಗಟ್ಟಿ ಮೇಣ! ಹಚ್ಚಿದ ಮೇಲೆ ದ್ರಾವಕ ಆರಿಹೋಗುತ್ತದೆ, ಮೇಣದ ತೆಳು ಪದರ ಉಳಿಯುತ್ತದೆ. ಅದು ಚರ್ಮದ ಸಣ್ಣ ತಗ್ಗುಗಳನ್ನು ತುಂಬುತ್ತದೆ. ಒರಟು ಮೈಮೇಲೆ ಬಿದ್ದ ಬೆಳಕು ದಿಕ್ಕಾಪಾಲಾಗಿ ಚದುರುತ್ತದೆ. ನಯವಾದ ಮೈ ಅದನ್ನು ಒಂದೇ ದಿಕ್ಕಿಗೆ ಹಿಂದಿರುಗಿಸುತ್ತದೆ. ಹೊಳಪು ಎಂದರೆ ಇದೇ. ಹೊರಗಿನ ನೀರು ಒಳಕ್ಕೆ ಇಳಿಯದಂತೆ ತಡೆಯುವುದೂ ಈ ಪದರವೇ.

ಆದರೆ ಒಳಗಿನ ನಾರುಗಳಿಗೆ ಬೇಕಾದಷ್ಟು ಎಣ್ಣೆ ಪಾಲಿಶ್‌ನಿಂದ ಸಿಗುವುದಿಲ್ಲ. ಅದಕ್ಕಾಗಿ ಆಗಾಗ ಚರ್ಮದ ಕ್ರೀಮನ್ನು ತೆಳುವಾಗಿ ಸವರಬೇಕು. ತುಂಬ ಎಣ್ಣೆ ಸುರಿದರೆ ಚರ್ಮ ಸಡಿಲವಾಗಿ ಆಕಾರ ಕೆಡುತ್ತದೆ.

ನಿಮ್ಮ ಶಾಲೆಯ ಬೂಟು ರೆಕ್ಸಿನ್ ಇರಬಹುದು. ಅದು ಬಟ್ಟೆಯ ಮೇಲೆ ಹಾಸಿದ ಪ್ಲಾಸ್ಟಿಕ್ ಪದರ, ಎಣ್ಣೆ ಕುಡಿಯುವುದಿಲ್ಲ. ಒರೆಸಿ ಒಣಗಿಸಿದರೆ ಸಾಕು.

ನೀವೇ ಮಾಡಿ ನೋಡಿ

ಮನೆಯಲ್ಲಿ ಕೇಳಿ ಒಂದು ಜೊತೆ ಹಳೆಯ ಚರ್ಮದ ಬೂಟು ತೆಗೆದುಕೊಳ್ಳಿ. ಕಿಟಕಿ ತೆರೆದಿಟ್ಟು, ಬೆಂಕಿಯಿಂದ ದೂರ ಕುಳಿತು, ದೊಡ್ಡವರ ಜೊತೆ ಒಂದಕ್ಕೆ ಮಾತ್ರ ಪಾಲಿಶ್ ಹಚ್ಚಿ ಚೆನ್ನಾಗಿ ಉಜ್ಜಿ. ಆಮೇಲೆ ಎರಡರ ಮೇಲೂ ಒಂದೊಂದು ಹನಿ ನೀರು ಬಿಡಿ. ಎಲ್ಲಿ ಹನಿ ದುಂಡಗೆ ನಿಲ್ಲುತ್ತದೆ? ಎಲ್ಲಿ ಹರಡಿ ಕಪ್ಪು ಕಲೆಯಾಗುತ್ತದೆ? ಬರೆದಿಟ್ಟುಕೊಳ್ಳಿ. ಪಾಲಿಶ್ ಹಚ್ಚಿದ ಬೂಟನ್ನು ವಾರಕ್ಕೊಮ್ಮೆ ಹೀಗೆಯೇ ಪರೀಕ್ಷಿಸಿ. ಹನಿ ಒಳಗಿಳಿಯಲು ಶುರುವಾದ ದಿನವೇ ಮತ್ತೆ ಪಾಲಿಶ್ ಹಚ್ಚುವ ದಿನ.