ಅಡಿಕೆ ಮದ್ದಿನ ತಾಮ್ರ ಎಲ್ಲಿಗೆ ಹೋಗುತ್ತದೆ?

ಪುತ್ತೂರು, ಸುಳ್ಯ, ಕಡಬದ ಕಡೆಯ ಮಕ್ಕಳಿಗೆ ಮೈಲುತುತ್ತನ್ನು ಪರಿಚಯಿಸಬೇಕಾಗಿಲ್ಲ. ಮಳೆ ಹಿಡಿಯುವ ಮೊದಲೇ ಮನೆಗೆ ಬಂದು ಕೂರುವ ನೀಲಿ ಹರಳು ಅದು. ಚಂದ ಉಂಟು ಅಂತ ಮುಟ್ಟಬೇಡಿ, ಹೊಟ್ಟೆಗೆ ಹೋದರೆ ವಿಷ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಸೇರಿದರೆ ಬೋರ್ಡೋ ದ್ರಾವಣ. ಕೊಳೆರೋಗ ಬಾರದಂತೆ ಅಡಿಕೆ ಗೊನೆಗೆ ಬಿಡುವ ಮದ್ದು.

ಬೋರ್ಡೋ ಎನ್ನುವುದು ಫ್ರಾನ್ಸಿನ ಊರು. ಅಲ್ಲಿನ ಕೆಲವು ರೈತರು ದಾರಿಹೋಕರು ದ್ರಾಕ್ಷಿ ಕದಿಯಬಾರದೆಂದು ರಸ್ತೆ ಬದಿಯ ಬಳ್ಳಿಗಳಿಗೆ ಈ ನೀಲಿ ನೀರು ಎರಚುತ್ತಿದ್ದರು. ಉಳಿದ ಬಳ್ಳಿಗಳಿಗೆ ರೋಗ ಬಂದಾಗಲೂ ಇವು ಮಾತ್ರ ಹಸುರಾಗಿದ್ದವು. ಮಿಲಾರ್ಡೆ ಎಂಬ ಸಸ್ಯವಿಜ್ಞಾನಿ ಅದನ್ನು ಗಮನಿಸಿ, ಪರೀಕ್ಷೆ ಮಾಡಿ, 1885ರಲ್ಲಿ ಲೋಕಕ್ಕೆ ತಿಳಿಸಿದ. ಕಳ್ಳರ ಕಾಟದಿಂದ ಹುಟ್ಟಿದ ಮದ್ದು ಎಂದರೂ ತಪ್ಪಿಲ್ಲ! ನಮ್ಮಲ್ಲಿ ಮೈಸೂರು ಸಂಸ್ಥಾನದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಕೊಳೆರೋಗದ ಬಗ್ಗೆ 1910ರಲ್ಲಿ ವರದಿ ಬರೆದು, ಅಡಿಕೆಗೂ ಇದನ್ನು ಬಿಡಲು ಕಲಿಸಿದರು.

ದ್ರಾವಣ ಸರಿಯಾಗಿದೆಯೇ ಎಂದು ನೋಡಲು ಹಿರಿಯರು ಹೊಳೆಯುವ ಕತ್ತಿಯನ್ನು ಅದರಲ್ಲಿ ಅದ್ದುವುದನ್ನು ನೋಡಿದ್ದೀರಾ? ಕತ್ತಿಗೆ ಕೆಂಪು ಲೇಪ ಹತ್ತಿದರೆ ಸುಣ್ಣ ಸಾಲದು ಎಂದು ಅರ್ಥ. ಕತ್ತಿಯ ಕಬ್ಬಿಣ ಸ್ವಲ್ಪ ಕರಗಿ ನೀರಿಗಿಳಿಯುತ್ತದೆ; ನೀರಿನಲ್ಲಿದ್ದ ತಾಮ್ರ ಹೊರಬಂದು ಕತ್ತಿಗೆ ಅಂಟುತ್ತದೆ. ನೀಲಿ ಹರಳಿನೊಳಗೆ ಅಡಗಿದ್ದ ಲೋಹ ಕಣ್ಣಿಗೆ ಕಾಣುವುದು ಆಗ ಮಾತ್ರ. 1 ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ.

ಗೊನೆಗೆ ಹತ್ತಿದ ಈ ತಾಮ್ರ ಆಮೇಲೆ ಏನಾಗುತ್ತದೆ? ಮಳೆ ಅದನ್ನು ಸ್ವಲ್ಪ ಸ್ವಲ್ಪವೇ ತೊಳೆದು ಬುಡಕ್ಕೆ ಇಳಿಸುತ್ತದೆ. ಸೋಗೆ ಕೊಳೆತು ಗೊಬ್ಬರವಾಗುತ್ತದೆ, ಹಾಳೆಯೂ ಮಣ್ಣಾಗುತ್ತದೆ. ತಾಮ್ರ ಮೂಲವಸ್ತು, ಅದನ್ನು ತಿಂದು ಬೇರೆಯದಾಗಿಸುವ ಜೀವಿ ಇಲ್ಲ. ಒಂದಿಷ್ಟು ನೀರಿನೊಡನೆ ತೋಡಿಗೆ ಹರಿದೀತು, ಹೆಚ್ಚಿನ ಪಾಲು ಮೇಲ್ಮಣ್ಣಿನ ಕೊಳೆತ ಎಲೆಗಳಿಗೆ ಅಂಟಿ ನಿಲ್ಲುತ್ತದೆ. ಮುತ್ತಜ್ಜ ಬಿಟ್ಟ ಮದ್ದಿನ ತಾಮ್ರದ ಮೇಲೆ ಅಪ್ಪ ಬಿಟ್ಟದ್ದು ಬಂದು ಕೂರುತ್ತದೆ.

ಗಿಡಕ್ಕೆ ತಾಮ್ರ ಬೇಕು, ಆದರೆ ಚೂರೇ ಚೂರು. ಹೆಚ್ಚಾದರೆ ಬೇರು ಕುಗ್ಗುತ್ತದೆ, ಎರೆಹುಳು ಕಡಿಮೆಯಾಗುತ್ತದೆ. ನಮ್ಮ ಮುರಕಲ್ಲು ಸೀಮೆಯ ಮಣ್ಣು ಹುಳಿ. ಹುಳಿ ಮಣ್ಣಿನಲ್ಲಿ ಲೋಹಗಳು ಬೇಗ ಸಡಿಲವಾಗಿ ಬೇರಿಗೆ ಸಿಗುತ್ತವೆ. ತೋಟಕ್ಕೆ ಸುಣ್ಣ ಹಾಕಿದರೆ ಅವು ಮತ್ತೆ ಬಿಗಿಯಾಗಿ ಕೂರುತ್ತವೆ. ಮದ್ದು ಹುಟ್ಟಿದ ಯುರೋಪಿನಲ್ಲೇ ಈಗ ಮಿತಿ ಹಾಕಿದ್ದಾರೆ: ಒಂದು ಹೆಕ್ಟೇರಿಗೆ 7 ವರ್ಷದಲ್ಲಿ 28 ಕಿಲೋ ತಾಮ್ರ, ಅಷ್ಟೇ. ಹಾಗೆಂದು ನಾಳೆಯಿಂದಲೇ ಮದ್ದು ನಿಲ್ಲಿಸಿ ಎನ್ನಲು ನನಗೆ ಧೈರ್ಯವಿಲ್ಲ. ಆಷಾಢದ ಮಳೆಗೆ ಗೊನೆಯಿಂದ ಕಾಯಿ ಉದುರುವುದನ್ನು ಕಂಡವರು ಯಾರೂ ಒಪ್ಪರು.

ಗೊಬ್ಬರದ ಚೀಲದಲ್ಲೂ ಒಬ್ಬ ಗುಟ್ಟಿನ ಅತಿಥಿ ಇರಬಹುದು. ರಂಜಕದ ಗೊಬ್ಬರ ತಯಾರಾಗುವುದು ಶಿಲಾರಂಜಕ ಎಂಬ ಕಲ್ಲಿನಿಂದ. ಹಿಂದೊಮ್ಮೆ ಸಮುದ್ರದ ತಳದಲ್ಲಿದ್ದ ಈ ಕಲ್ಲಿನಲ್ಲಿ ಕ್ಯಾಡ್ಮಿಯಮ್ ಎಂಬ ಲೋಹವೂ ಬೆರೆತಿರುತ್ತದೆ; ಎಷ್ಟು ಎನ್ನುವುದು ಗಣಿಯಿಂದ ಗಣಿಗೆ ಬೇರೆ. ತಾಮ್ರದಂತಲ್ಲ ಇದು, ನಮ್ಮ ದೇಹಕ್ಕೆ ಯಾವ ಉಪಯೋಗವೂ ಇಲ್ಲ. ಒಳಗೆ ಹೋದರೆ ಮೂತ್ರಪಿಂಡದಲ್ಲಿ ಹತ್ತಾರು ವರ್ಷ ಕೂರುತ್ತದೆ. ಸತುವಿನ ಹಾಗೆಯೇ ಇರುವುದರಿಂದ ಬೇರುಗಳು ಮೋಸಹೋಗಿ ಒಳಗೆ ಬಿಟ್ಟುಕೊಳ್ಳುತ್ತವೆ. ಭತ್ತ, ಸೊಪ್ಪು, ಅಡಿಕೆಯ ನಡುವೆ ಬೆಳೆಯುವ ಕೊಕ್ಕೊ, ಎಲ್ಲವೂ ಇದನ್ನು ಹೀರಬಲ್ಲವು. ಅದಕ್ಕೇ ಯುರೋಪಿನಲ್ಲಿ 2019ರಿಂದ ಚಾಕೊಲೇಟಿನ ಕ್ಯಾಡ್ಮಿಯಮ್ಮಿಗೂ ಮಿತಿ ಇದೆ.

ನಿಮ್ಮ ಮನೆಯಲ್ಲಿ ಸರ್ಕಾರದ ಮಣ್ಣು ಆರೋಗ್ಯ ಚೀಟಿ ಇದ್ದರೆ ಹುಡುಕಿ ತೆಗೆಯಿರಿ. ಸಾರಜನಕ, ರಂಜಕ, ಪೊಟ್ಯಾಷ್ ಜೊತೆ ತಾಮ್ರಕ್ಕೂ ಒಂದು ಸಾಲು ಇರುತ್ತದೆ. ಆ ಸಾಲು ಇರುವುದು ತಾಮ್ರ ಕಡಿಮೆಯಾಗಿದೆಯೇ ಎಂದು ತಿಳಿಯಲು. ಅಡಿಕೆ ತೋಟದವರು ಹೆಚ್ಚಾಗಿದೆಯೇ ಎಂದೂ ಕೇಳಬೇಕು. ಕ್ಯಾಡ್ಮಿಯಮ್ಮಿಗೆ ಮಾತ್ರ ಆ ಚೀಟಿಯಲ್ಲಿ ಸಾಲೇ ಇಲ್ಲ.