ಚೀಟಿಯ ಕೆಳಗೆ ಯಾರ ಹೆಸರು?



1898ರ ಮಾತು. ಅಮೆರಿಕದ ರಾಚೆಸ್ಟರ್ ನಗರದ ಕೊಡಾಕ್ ಕಂಪನಿಯಲ್ಲಿ ಕೆಲಸಗಾರನೊಬ್ಬ ಆಡಳಿತದವರಿಗೆ ಒಂದು ಸಲಹೆ ಕೊಟ್ಟ: ಕಿಟಕಿ ಗಾಜುಗಳನ್ನು ತೊಳೆಸಿ, ಒಳಗೆ ಬೆಳಕು ಬರಲಿ. ಅವನಿಗೆ 2 ಡಾಲರ್ ಇನಾಮು ಸಿಕ್ಕಿತು. ಗಾಜು ಕೊಳೆಯಾಗಿದೆ ಎಂದು ಹೇಳುವುದಕ್ಕೂ ಒಂದು ಏರ್ಪಾಡು ಬೇಕಿತ್ತೇ ಎಂದು ನಿಮಗೆ ನಗು ಬರಬಹುದು. ನಾಲ್ಕು ಜನರ ವರ್ಕ್‌ಶಾಪಿನಲ್ಲಿ ಬೇಕಿಲ್ಲ, ಮಾಲೀಕ ಅಲ್ಲೇ ನಿಂತಿರುತ್ತಾನೆ. ಸಾವಿರಾರು ಜನರ ಕಂಪನಿಯಲ್ಲಿ ಕೊಳೆ ಕಂಡವನೇ ಬೇರೆ, ತೊಳೆಸುವ ಅಧಿಕಾರ ಇರುವವನೇ ಬೇರೆ. ಇಬ್ಬರ ನಡುವೆ ಏಳೆಂಟು ಮೇಜುಗಳು. ಒಬ್ಬನಿಗೆ ತಿಳಿದದ್ದು ಕಂಪನಿಗೆ ತಿಳಿಯುವುದು ಹೇಗೆ ಎಂಬ ಪ್ರಶ್ನೆ ಹುಟ್ಟಿದ್ದೇ ಆ ಮೇಜುಗಳ ನಡುವೆ. ಸಲಹೆ ಬರೆದ ಚೀಟಿ ಹಾಕುವ ಸಲಹಾ ಪೆಟ್ಟಿಗೆ ಅದಕ್ಕೆ ಸಿಕ್ಕ ಮೊದಮೊದಲ ಉತ್ತರಗಳಲ್ಲಿ ಒಂದು.

ಇನ್ನೊಂದು ಉತ್ತರ ಫ್ರೆಡರಿಕ್ ಟೇಲರ್ ಎಂಬ ಎಂಜಿನಿಯರನದು. ವೈಜ್ಞಾನಿಕ ಆಡಳಿತದ ಬಗ್ಗೆ 1911ರಲ್ಲಿ ಪ್ರಕಟವಾದ ತನ್ನ ಪುಸ್ತಕದಲ್ಲಿ ಅವನು ಮುಚ್ಚುಮರೆಯಿಲ್ಲದೆ ಹೇಳಿದ: ತಲೆತಲಾಂತರದಿಂದ ಕೆಲಸಗಾರರಲ್ಲಿ ಉಳಿದುಬಂದ ಕಸುಬಿನ ತಿಳಿವಳಿಕೆಯನ್ನೆಲ್ಲ ಆಡಳಿತ ವರ್ಗ ಕಲೆಹಾಕಬೇಕು, ವಿಂಗಡಿಸಬೇಕು, ನಿಯಮಗಳಾಗಿ ಬರೆಯಬೇಕು, ಕೆಲಸಗಾರ ಆ ನಿಯಮದಂತೆ ನಡೆಯಬೇಕು. ಸ್ಟಾಪ್‌ವಾಚ್ ಹಿಡಿದ ಗುಮಾಸ್ತ ಪಕ್ಕದಲ್ಲಿ ಬಂದು ನಿಂತದ್ದು ಟೇಲರನ ಪದ್ಧತಿಯಿಂದಲೇ. ಉತ್ಪಾದನೆ ಹೆಚ್ಚಿತು, ಸುಳ್ಳಲ್ಲ. ಆದರೆ ಪಳಗಿದ ಕೈಯವನು ಅಂದೇ ಒಂದು ಪಾಠ ಕಲಿತ: ತನಗೆ ಗೊತ್ತಿರುವುದನ್ನೆಲ್ಲ ಹೇಳಿಬಿಟ್ಟರೆ ತನ್ನ ಬೆಲೆ ಇಳಿಯುತ್ತದೆ. ಆ ಗುಮಾನಿ ಇಂದಿಗೂ ಪೂರ್ತಿ ಹೋಗಿಲ್ಲ.

ಕೆಲಸ ಮಾಡುತ್ತ ಮಾಡುತ್ತ ಕಂಪನಿಯೇ ಕಲಿಯುತ್ತದೆ ಎಂಬುದಕ್ಕೆ ಲೆಕ್ಕ ಸಿಕ್ಕಿದ್ದು ವಿಮಾನದ ಕಾರ್ಖಾನೆಗಳಲ್ಲಿ. ಟಿ. ಪಿ. ರೈಟ್ ಎಂಬ ಎಂಜಿನಿಯರ್ 1936ರಲ್ಲಿ ಅದನ್ನು ಪ್ರಕಟಿಸಿದ. ಕಟ್ಟಿದ ವಿಮಾನಗಳ ಒಟ್ಟು ಸಂಖ್ಯೆ ಎರಡು ಪಟ್ಟಾದಾಗಲೆಲ್ಲ, ಒಂದು ವಿಮಾನಕ್ಕೆ ಹಿಡಿಯುವ ಸರಾಸರಿ ದುಡಿಮೆ ಐದರಲ್ಲಿ ಒಂದು ಪಾಲಿನಷ್ಟು ಇಳಿಯುತ್ತದೆ ಎಂಬುದು ಅವನ ಲೆಕ್ಕ. ಕಲಿತದ್ದು ಮರೆತೂ ಹೋಗುತ್ತದೆ ಎಂಬುದು ಗೊತ್ತಾಗಲು ಮುಂದೆ ಬಹಳ ವರ್ಷ ಬೇಕಾಯಿತು. ಲಾಕ್‌ಹೀಡ್ ಕಂಪನಿಯ ಟ್ರೈಸ್ಟಾರ್ ವಿಮಾನಕ್ಕೆ 1970ರ ದಶಕದಲ್ಲಿ ಬೇಡಿಕೆ ತಗ್ಗಿ ಉತ್ಪಾದನೆ ಕುಸಿಯಿತು. ನುರಿತ ಕೆಲಸಗಾರರು ಚೆದುರಿಹೋದರು. ಇಳಿಯಬೇಕಾಗಿದ್ದ ದುಡಿಮೆಯ ಗಂಟೆಗಳು ಏರತೊಡಗಿದವು. ನಕ್ಷೆಗಳೆಲ್ಲ ಕಪಾಟಿನಲ್ಲಿ ಭದ್ರವಾಗಿದ್ದವು. ನಕ್ಷೆಯಲ್ಲಿ ಇಲ್ಲದ್ದು ಮಾತ್ರ ಆ ಜನರ ಜೊತೆ ಗೇಟು ದಾಟಿತ್ತು.

ಮತ್ತೆ ಸಲಹೆಯ ಪದ್ಧತಿಗೆ ಬರೋಣ. ಜಪಾನಿನ ಟೊಯೊಟಾದ ಐಜಿ ಟೊಯೊಡಾ 1950ರಲ್ಲಿ ಅಮೆರಿಕಕ್ಕೆ ಹೋಗಿ ಫೋರ್ಡ್ ಕಂಪನಿಯ ಕಾರ್ಖಾನೆ ನೋಡಿ ಬಂದರು. ಅಲ್ಲಿ ಕಂಡ ಸಲಹೆಯ ಪದ್ಧತಿಯನ್ನು 1951ರಲ್ಲಿ ತಮ್ಮಲ್ಲೂ ಶುರುಮಾಡಿದರು. ಕಲ್ಪನೆ ಎರವಲಿನದು, ಆದರೆ ಜಪಾನಿನಲ್ಲಿ ಅದು ಬೇರೆ ದಾರಿ ಹಿಡಿಯಿತು. ಒಂದು ಲೈನಿನಲ್ಲಿ ಕಂಡುಕೊಂಡ ಸುಧಾರಣೆಯನ್ನು ಪಕ್ಕದ ಲೈನಿನವರು, ಬೇರೆ ಕಾರ್ಖಾನೆಯವರು ಖುದ್ದಾಗಿ ಬಂದು ನೋಡಿ, ತಮ್ಮ ಜಾಗಕ್ಕೆ ಒಗ್ಗಿಸಿಕೊಳ್ಳಬೇಕು ಎಂಬ ರೂಢಿ ಬೆಳೆಯಿತು. ಇದಕ್ಕೆ ಅವರು ಯೊಕೊತೆನ್ ಎನ್ನುತ್ತಾರೆ. ಪೆಟ್ಟಿಗೆಗೆ ಹಾಕಿದ ಚೀಟಿ ಮೇಲಕ್ಕೆ ಹೋಗುತ್ತದೆ. ಇಲ್ಲಿ ತಿಳಿವಳಿಕೆ ಪಕ್ಕಕ್ಕೆ ಹರಿಯಿತು. ಈ ಇತಿಹಾಸದ ನಿಜವಾದ ತಿರುವು ಇದೇ ಎಂಬುದು ನನ್ನ ಅಭಿಪ್ರಾಯ.

ಪಕ್ಕಕ್ಕೆ ಹರಿಯುವ ತಿಳಿವಳಿಕೆಯನ್ನು ತೀರ ಹತ್ತಿರದಿಂದ ನೋಡಿದವನು ಜೂಲಿಯನ್ ಓರ್. ಕಂಪನಿ ಜೆರಾಕ್ಸ್. ನಮ್ಮೂರುಗಳಲ್ಲಿ ಯಾವ ಕಂಪನಿಯ ಮಷೀನಿಟ್ಟರೂ ಅದು ಜೆರಾಕ್ಸ್ ಅಂಗಡಿಯೇ, ಅಷ್ಟು ಪರಿಚಿತ ಹೆಸರು. ಕ್ಯಾಲಿಫೋರ್ನಿಯಾದಲ್ಲಿದ್ದ ಅದರ ಸಂಶೋಧನಾ ಕೇಂದ್ರದಲ್ಲಿ ಓರ್ ಮಾನವಶಾಸ್ತ್ರಜ್ಞ. ಬುಡಕಟ್ಟು ಜನರ ನಡುವೆ ಹೋಗಿ ಕೂರುವ ಶಾಸ್ತ್ರದವನು 1980ರ ದಶಕದಲ್ಲಿ ರಿಪೇರಿ ಮಾಡುವವರ ನಡುವೆ ಹೋಗಿ ಕುಳಿತ. ಅವರ ಜೊತೆ ಕರೆಗೆ ಹೋದ, ಅವರ ಜೊತೆ ಊಟ ಮಾಡಿದ, ಕಾಫಿ ಕುಡಿದ.

ಕಂಪನಿ ಅವರಿಗೆ ದಪ್ಪನೆಯ ಕೈಪಿಡಿ ಕೊಟ್ಟಿತ್ತು. ಮಷೀನಿನ ಮೇಲೆ ದೋಷದ ಸಂಖ್ಯೆ ಮೂಡುತ್ತದೆ. ಆ ಪುಟ ತೆರೆಯಬೇಕು, ಹೇಳಿದ್ದನ್ನು ಒಂದೊಂದಾಗಿ ಮಾಡಬೇಕು. ಒಂದು ದಿನ ಒಂದು ಮಷೀನು ತೋರಿಸಿದ ದೋಷದ ಸಂಖ್ಯೆಗೂ ಒಳಗಿನ ತೊಂದರೆಗೂ ತಾಳೆಯಾಗಲಿಲ್ಲ. ಕೈಪಿಡಿಯ ದಾರಿ ಮುಗಿಯಿತು, ಮಷೀನು ಸರಿಯಾಗಲಿಲ್ಲ. ಟೆಕ್ನಿಷಿಯನ್ ತನ್ನ ವಿಭಾಗದ ಪರಿಣತನನ್ನು ಕರೆಸಿದ, ಅವನಿಗೂ ಬಗೆಹರಿಯಲಿಲ್ಲ. ಮಷೀನನ್ನೇ ಬದಲಾಯಿಸಿಕೊಡಬಹುದಿತ್ತು, ಆದರೆ ಗಿರಾಕಿಯ ಮುಂದೆ ಮಾನ ಹೋಗುತ್ತದಲ್ಲ! ಇಬ್ಬರೂ ಮಷೀನಿನ ಮುಂದೆ ನಿಂತು ಹಳೆಯ ಪ್ರಸಂಗಗಳನ್ನು ಒಂದೊಂದಾಗಿ ಹೇಳಿಕೊಳ್ಳತೊಡಗಿದರು. ಅಲ್ಲೊಂದು ಕಡೆ ಹೀಗಾಗಿತ್ತು, ಇನ್ನೊಂದು ಮಷೀನು ಹೀಗೆ ಆಡಿತ್ತು. ಒಬ್ಬನ ಕಥೆಯ ಬಾಲ ಹಿಡಿದು ಇನ್ನೊಬ್ಬನ ಕಥೆ. ನಡುನಡುವೆ ಮಷೀನನ್ನು ಓಡಿಸಿ ನೋಡುವುದು. ಗಂಟೆಗಟ್ಟಲೆ ಹೀಗೆ ನಡೆದ ಮೇಲೆ ಬಿಡಿಬಿಡಿಯಾಗಿದ್ದ ಸುಳಿವುಗಳು ಕೂಡಿಕೊಂಡವು: ವಿದ್ಯುದಂಶ ಹಚ್ಚುವ ಒಂದು ಭಾಗದಲ್ಲಿ ಶಾರ್ಟ್ ಆಗುತ್ತಿತ್ತು, ದೂರು ಮಾತ್ರ ಬೇರೆ ಭಾಗದ ಹೆಸರಿನಲ್ಲಿ ಬರುತ್ತಿತ್ತು. ಆ ದಿನದ ನಂತರ ಈ ಪ್ರಸಂಗವೂ ಕಾಫಿ ಮೇಜಿನ ಹೊಸ ಕಥೆಯಾಯಿತು. ಓರ್ ಇದನ್ನೆಲ್ಲ 1996ರಲ್ಲಿ ಪುಸ್ತಕ ಮಾಡಿದ.

ಲೆಕ್ಕಪತ್ರ ನೋಡುವವರ ಕಣ್ಣಿಗೆ ಕಾಫಿ ಮೇಜಿನ ಹರಟೆ ಪೋಲಾದ ಹೊತ್ತು. ಓರ್ ತೋರಿಸಿದ್ದು, ಕಂಪನಿಯ ರಿಪೇರಿ ವಿದ್ಯೆಯ ಬಹುಪಾಲು ಅಲ್ಲೇ ಕೈಬದಲಾಗುತ್ತದೆ ಎಂದು. ಜೆರಾಕ್ಸ್ ಕಿವಿಗೊಟ್ಟಿತು ಎಂಬುದೇ ದೊಡ್ಡ ಮಾತು. ಡೆನ್ವರ್ ನಗರದ ಟೆಕ್ನಿಷಿಯನ್ನರಿಗೆ ವೈರ್‌ಲೆಸ್ ಸೆಟ್ ಕೊಟ್ಟು, ಕೆಲಸದ ನಡುವೆಯೇ ಪರಸ್ಪರ ಮಾತಾಡಿಕೊಳ್ಳಲು ಬಿಟ್ಟಿತು. ಮಾತು ಹರಿಯಿತು, ಆದರೆ ಆಡಿದ ಮಾತು ಗಾಳಿಗೆ ಹೋಯಿತು. ಡೆನ್ವರಿನ ಕಥೆ ಪ್ಯಾರಿಸ್ಸಿಗೆ ಕೇಳಿಸುವ ಬಗೆ ಹೇಗೆ?

ಹೀಗೆ 1990ರ ದಶಕದಲ್ಲಿ ಯುರೇಕಾ ಎಂಬ ಏರ್ಪಾಡು ಬಂತು. ಸಂಶೋಧಕರ ಮೊದಲ ಆಸೆ ಬೇರೆಯಿತ್ತು: ಮಷೀನಿನ ರೋಗವನ್ನು ಕಂಪ್ಯೂಟರೇ ಪತ್ತೆಹಚ್ಚಬೇಕು. ಟೆಕ್ನಿಷಿಯನ್ನರು ಅದನ್ನು ನೋಡಿ ತಲೆಯಾಡಿಸಿದರೇ ಹೊರತು ಒಪ್ಪಲಿಲ್ಲ. ಕಂಪ್ಯೂಟರಿಗೆ ಗೊತ್ತಿದ್ದದ್ದು ಅವರಿಗೆ ಆಗಲೇ ಗೊತ್ತಿತ್ತು. ಅವರನ್ನು ಕಾಡುತ್ತಿದ್ದ ತೊಂದರೆಗಳು ಅದರಲ್ಲಿರಲಿಲ್ಲ. ಪ್ರತಿಯೊಬ್ಬನ ಜೇಬಿನಲ್ಲೂ ತಾನೇ ಕಂಡುಕೊಂಡ ಉಪಾಯಗಳ ಚೀಟಿ ಇತ್ತು. ಅದನ್ನೇ ಎಲ್ಲರಿಗೂ ಸಿಗುವಂತೆ ಮಾಡಿದರೆ ಸಾಕಾಗಿತ್ತು. ಅಮೆರಿಕದ ಕೇಂದ್ರ ಕಚೇರಿಗೆ ಇದರಲ್ಲಿ ನಂಬಿಕೆ ಬರಲಿಲ್ಲವಾಗಿ ಮೊದಲ ಪ್ರಯೋಗ ನಡೆದದ್ದು ಫ್ರಾನ್ಸಿನಲ್ಲಿ. ಅಲ್ಲಿ ಟೆಲಿಫೋನಿಗೆ ಜೋಡಿಸುವ ಮಿನಿಟೆಲ್ ಎಂಬ ಪುಟ್ಟ ಪರದೆ ಬಹಳಷ್ಟು ಮನೆಗಳಲ್ಲಿ ಇದ್ದ ಕಾಲ. ಚೀಟಿಗಳು ಅದರ ಮೂಲಕವೇ ಓಡಾಡಿದವು.

ಒಂದು ಚೀಟಿಯಲ್ಲಿ ಮೂರೇ ಸಂಗತಿ: ತೊಂದರೆ ಏನು, ಕಾರಣ ಏನು, ಪರಿಹಾರ ಏನು. ಆ ಮಷೀನು ಬಲ್ಲ ಸಹೋದ್ಯೋಗಿ ಅದನ್ನು ಪರೀಕ್ಷಿಸಿ ಸೈ ಎಂದ ಮೇಲೆಯೇ ಎಲ್ಲರಿಗೂ ತಲುಪುತ್ತಿತ್ತು. ಕೆಳಗೆ ಬರೆದವನ ಹೆಸರು, ಜೊತೆಗೆ ಪರೀಕ್ಷಿಸಿದವನದೂ. ಚೀಟಿಗಿಷ್ಟು ಎಂದು ಹಣ ಕೊಡೋಣವೇ ಎಂಬ ಮಾತು ಬಂದಾಗ ಬೇಡ ಎಂದವರು ಟೆಕ್ನಿಷಿಯನ್ನರೇ. ದುಡ್ಡಿಟ್ಟರೆ ಚೀಟಿಯ ಎಣಿಕೆ ನಡೆಯುತ್ತದೆ, ಗುಣ ಕೇಳುವವರಿರುವುದಿಲ್ಲ. ಹೆಸರೊಂದಿದ್ದರೆ ಸಾಕು ಎಂದರು. ಮುಂದೆ ಬ್ರೆಜಿಲಿನಲ್ಲಿ ಸುಮಾರು 40,000 ಡಾಲರಿನ ಬಣ್ಣದ ಮಷೀನೊಂದನ್ನು ಬದಲಾಯಿಸಲು ಹೊರಟವನಿಗೆ, ಕೆನಡಾದ ಮಾಂಟ್ರಿಯಲ್‌ನ ಟೆಕ್ನಿಷಿಯನ್ ಬರೆದ ಚೀಟಿ ಸಿಕ್ಕಿತು. ಅರ್ಧ ಡಾಲರಿನ ಒಂದು ಭಾಗ ಬದಲಾಯಿಸಿದ್ದೇ ತಡ, ಮಷೀನು ಓಡಿತು.

ಹಣ ಬೇಡವೆಂದ ಈ ಕ್ರಮಕ್ಕೆ ತದ್ವಿರುದ್ಧವಾದ ಅನುಭವ ನಮ್ಮ ಬೆಂಗಳೂರಿನದೇ ಇದೆ. ಇನ್ಫೋಸಿಸ್ ಕಂಪನಿ 1990ರ ದಶಕದ ಆರಂಭದಲ್ಲೇ ತನ್ನ ಎಂಜಿನಿಯರುಗಳ ಅನುಭವವನ್ನು ಬರಹದಲ್ಲಿ ಕೂಡಿಡತೊಡಗಿತ್ತು. ಒಮ್ಮೆ ಕಲಿತದ್ದು ಎಲ್ಲೆಡೆ ಬಳಕೆಗೆ ಬರಲಿ ಎಂಬುದು ಅದರ ಧ್ಯೇಯ. ಕೆ-ಶಾಪ್ ಎಂಬ ಅದರ ಜ್ಞಾನಭಂಡಾರಕ್ಕೆ ಬರೆದುಕೊಟ್ಟವರಿಗೂ ಪರಿಶೀಲಿಸಿದವರಿಗೂ 2000ದ ಸುಮಾರಿಗೆ ಅಂಕ ಕೊಡುವ ಕ್ರಮ ಬಂತು. ಅಂಕಕ್ಕೆ ಬದಲಾಗಿ ಹಣ ಅಥವಾ ಉಡುಗೊರೆ ಪಡೆಯಬಹುದಿತ್ತು. ಬರಹಗಳು ಬಂದವು, ಬಂದೇ ಬಂದವು! ಪರಿಶೀಲಿಸುವವರಿಗೆ ಹೊರೆ, ಹುಡುಕುವವರಿಗೆ ಜೊಳ್ಳು ಯಾವುದು ಕಾಳು ಯಾವುದು ತಿಳಿಯದ ಗೊಂದಲ. ಕಂಪನಿ ಇದನ್ನು ಕಂಡು ಹಣದ ಕೊಂಡಿಯನ್ನು ಸಡಿಲಿಸಿತು, ಎಷ್ಟು ಜನಕ್ಕೆ ಉಪಯೋಗವಾಯಿತು ಎಂಬುದಕ್ಕೆ ಹೆಚ್ಚು ಬೆಲೆ ಕೊಟ್ಟಿತು. ರಘು ಗರುಡ್ ಮತ್ತು ಅರುಣ್ ಕುಮಾರಸ್ವಾಮಿ ಎಂಬ ಇಬ್ಬರು ವಿದ್ವಾಂಸರು 2005ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಈ ಏಳುಬೀಳೆಲ್ಲ ದಾಖಲಾಗಿದೆ. ಕಂಪನಿ ತನ್ನ ಬಾಗಿಲು ತೆರೆದು ಇಷ್ಟನ್ನು ಅಧ್ಯಯನಕ್ಕೆ ಬಿಟ್ಟುಕೊಟ್ಟಿತು, ಅದನ್ನೂ ಮೆಚ್ಚಬೇಕು.

ಕಾರ್ಖಾನೆಯಲ್ಲೋ ಬ್ಯಾಂಕಿನಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲೋ ಕೆಲಸ ಮಾಡುವ ಕೇಳುಗರೇ, ನಿಮ್ಮಲ್ಲೂ ಇಂಥ ಚೀಟಿಗಳ ಭಂಡಾರ ಇದ್ದೇ ಇರುತ್ತದೆ. ನಾಳೆ ಅದರಲ್ಲೊಂದನ್ನು ತೆರೆದು, ಕೆಳಗೆ ಬರೆದವರ ಹೆಸರಿದೆಯೇ ನೋಡಿ. ಇಲ್ಲದಿದ್ದರೆ, ಸಂಬಂಧಪಟ್ಟವರಿಗೆ ಹೇಳಿ ಅದನ್ನು ಹಾಕಿಸಿ.